ಮೈಕು ತಾನೇ ಕೂಗಿದಾಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಬಯಲಾಟ ನೋಡಿದವರಿಗೆ ಒಂದು ಸದ್ದಿನ ಪರಿಚಯ ಉಂಟು. ವೇಷಧಾರಿ ಮಾತಿನ ಓಘದಲ್ಲಿರುತ್ತಾನೆ, ಸಾರಥಿ ಹೂಂಗುಟ್ಟುತ್ತಿರುತ್ತಾನೆ, ಅಷ್ಟರಲ್ಲಿ ಧ್ವನಿವರ್ಧಕ ‘ಕುಂಯ್’ ಎಂದು ಚೀರುತ್ತದೆ. ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಪದದ ಕೊನೆಯ ಸೊಲ್ಲು ಯಾರಿಗೂ ದಕ್ಕುವುದಿಲ್ಲ. ಮೈಕು ಕೆಟ್ಟಿತೆಂದು ಬೈಯುವುದು ವಾಡಿಕೆ. ವಾಸ್ತವವಾಗಿ, ಮೈಕು ಚೆನ್ನಾಗಿ ಕೇಳಿಸಿಕೊಳ್ಳುತ್ತಿರುವುದರಿಂದಲೇ ಈ ಕೂಗು.

ನಡೆಯುವುದು ಇಷ್ಟೆ. ಆಟಗಾರನ ದನಿ ಮೈಕನ್ನು ಸೇರಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ಸ್ಪೀಕರಿನಿಂದ ಹೊರಬೀಳುತ್ತದೆ. ಅದರ ಒಂದು ಪಾಲು ಗಾಳಿಯಲ್ಲಿ ಹಿಂದಿರುಗಿ ಅದೇ ಮೈಕಿಗೆ ಬರುತ್ತದೆ. ಬಂದದ್ದು ಮೊದಲಿನದಕ್ಕಿಂತ ಕ್ಷೀಣವಾಗಿದ್ದರೆ ಬಾಧೆಯಿಲ್ಲ. ಯಾವುದಾದರೂ ಒಂದು ಸ್ವರ ಮೊದಲಿಗಿಂತ ಬಲವಾಗಿ, ಅಲೆಗೆ ಅಲೆ ಹೊಂದಿಕೊಂಡು ಮರಳಿತೋ, ಸುತ್ತುಸುತ್ತಿಗೂ ಅದು ಬೆಳೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಸ್ಪೀಕರು ಮೂರೂವರೆ ಮೀಟರು ದೂರವಿದ್ದರೆ ಒಂದು ಸೆಕೆಂಡಿನಲ್ಲಿ ನೂರರಷ್ಟು ಸುತ್ತು! ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ (1871–1957) ಅವರ ಹೆಸರಿನಿಂದ ಇದನ್ನು ‘ಲಾರ್ಸೆನ್ ಪರಿಣಾಮ’ ಎಂದೂ ಕರೆಯುವರು.

ದನಿ ಸಾಲದೆಂದು ಗುಂಡಿ ತಿರುಗಿಸಿದರೆ ಚೀರಾಟಕ್ಕೆ ಆಹ್ವಾನವಿತ್ತಂತೆ. ಬಾಯಿಗೂ ಮೈಕಿಗೂ ನಡುವಣ ಅಂತರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ; ಸ್ಪೀಕರಿನಿಂದ ಮರಳುವ ಪಾಲು ಏರುವುದಿಲ್ಲ. ಆದರೆ ಗೆಜ್ಜೆ ಕಟ್ಟಿ ಕುಣಿಯುವವನು ಮೈಕಿಗೆ ಅಂಟಿಕೊಂಡು ನಿಂತಾನೆಯೆ? ಆದ್ದರಿಂದ ಸ್ಪೀಕರುಗಳನ್ನು ರಂಗಕ್ಕಿಂತ ಮುಂದೆ, ಜನರತ್ತ ಮುಖಮಾಡಿ ಇರಿಸುವುದೇ ಮೇಲು.

ಮನೆಯಲ್ಲಿ ತಟ್ಟೆ ಹಾಕುವವರಿಗೂ ಈ ಕಾಟ ತಪ್ಪಿದ್ದಲ್ಲ. ಸ್ಪೀಕರು ಮತ್ತು ರೆಕಾರ್ಡ್ ಪ್ಲೇಯರು ಒಂದೇ ಮೇಜಿನ ಮೇಲಿದ್ದರೆ ಹಲಗೆಯ ನಡುಕ ಮುಳ್ಳಿಗೆ ತಾಗಿ, ಹಾಡಿನ ಅಡಿಯಲ್ಲಿ ‘ಗುಂ’ ಎಂಬ ಮಂದ್ರನಾದ ಹುಟ್ಟುತ್ತದೆ. ಮುಳ್ಳಿಗೆ ತಟ್ಟೆಯ ಗೆರೆ ಯಾವುದು, ಮೇಜಿನ ನಡುಕ ಯಾವುದು ಎಂಬ ಭೇದವಿಲ್ಲ. ಸ್ಪೀಕರನ್ನು ಬೇರೆ ಕಡೆ ಇರಿಸಿದರೆ ಬಹುಮಟ್ಟಿಗೆ ಗುಣ ಕಾಣುತ್ತದೆ.

ಇದೇ ಕೂಗನ್ನು ಬೇಕೆಂದೇ ಕರೆದವರೂ ಉಂಟು. ಇಂಗ್ಲೆಂಡಿನ ಬೀಟಲ್ಸ್ ತಂಡದವರು 1964ರಲ್ಲಿ ಒಂದು ಹಾಡನ್ನು ಗಿಟಾರಿನ ಇಂಥ ಕೊರೆತದಿಂದಲೇ ಆರಂಭಿಸಿದರು. ಅಮೆರಿಕದ ಸ್ಟೀವ್ ರೈಷ್ 1968ರಲ್ಲಿ ರಚಿಸಿದ ‘ಪೆಂಡ್ಯುಲಮ್ ಮ್ಯೂಸಿಕ್’ ಇನ್ನೂ ವಿಚಿತ್ರ. ನಮ್ಮ ಹಳ್ಳಿಯ ರಂಗಗಳಲ್ಲಿ ತೂಗುಬಿಟ್ಟಂತೆ ಅಲ್ಲಿಯೂ ಮೈಕುಗಳು ಮೇಲಿನಿಂದ ತೂಗುತ್ತವೆ, ಕೆಳಗೆ ಸ್ಪೀಕರುಗಳು. ಮೈಕುಗಳನ್ನು ಎಳೆದು ಒಟ್ಟಿಗೆ ಬಿಡುತ್ತಾರೆ. ಸ್ಪೀಕರನ್ನು ದಾಟುವಾಗಲೆಲ್ಲ ಒಂದೊಂದು ಕೂಗು. ಇಲ್ಲಿ ಆ ಕೂಗಿಗೆ ಬಲಿಯಾಗಲು ಯಾರ ಮಾತೂ ಇಲ್ಲ, ಪದವೂ ಇಲ್ಲ. ಕೇಳಿಸಿಕೊಳ್ಳಲು ಇರುವುದೇ ಅದು. ತೂಗಾಟ ನಿಂತಾಗ ಕೂಗು ಎಡೆಬಿಡದ ಒಂದೇ ನಾದವಾಗುತ್ತದೆ. ಆಗ ಕಲಾವಿದರೇ ಹೋಗಿ ವಿದ್ಯುತ್ತಿನ ತಂತಿಯನ್ನು ಕಿತ್ತುಬಿಡುತ್ತಾರೆ.