38292 ಯಾವ ತಾರೀಖು?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನದಲ್ಲಿ 256 ಎಂಬ ಅಂಕಿಯಿದೆ. ಬುದ್ಧ ನಿರ್ವಾಣ ಹೊಂದಿದ ಮೇಲೆ ಕಳೆದ ವರ್ಷಗಳೆಂದು ಬ್ಯೂಲರ್‌ನಂಥ ವಿದ್ವಾಂಸರು ಅದನ್ನು ಓದಿದರು. ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬುದು ಇಂದು ಹೆಚ್ಚಿನವರು ಒಪ್ಪುವ ಅರ್ಥ. ಅಂಕಿಯ ಬಗ್ಗೆ ತಕರಾರಿರಲಿಲ್ಲ. ಏನನ್ನು, ಎಲ್ಲಿಂದ ಎಣಿಸಿದ್ದು ಎಂಬುದೇ ತಕರಾರು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಳೆ ಲೆಕ್ಕವನ್ನೋ ಮೊಳಕಾಲ್ಮುರಿನ ರೇಷ್ಮೆ ನೇಕಾರರ ಸದಸ್ಯತ್ವದ ಪಟ್ಟಿಯನ್ನೋ ಹೊಸ ಸಾಫ್ಟ್‌ವೇರ್‌ಗೆ ಸಾಗಿಸುವವರಿಗೂ ಎದುರಾಗುವುದು ಇದೇ ಪ್ರಶ್ನೆ.

ತಪ್ಪು ಕಲ್ಪನೆ: ತಾರೀಖಿನ ಕಾಲಂನಲ್ಲಿ 38292 ಎಂದಿದ್ದರೆ ಡೇಟಾ ಕೆಟ್ಟಿದೆ.

ಸತ್ಯ: ಕೆಟ್ಟಿಲ್ಲ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಒಂದನೇ ದಿನವಾದರೆ, 38292 ಎಂದರೆ 2004ರ ನವೆಂಬರ್ 1. ಹಳೆ ಮ್ಯಾಕ್‌ನಲ್ಲಿ ಮಾಡಿದ ಫೈಲಾದರೆ ಎಣಿಕೆ 1904ರಿಂದ; ಆಗ ಅದೇ ಅಂಕಿ 2008ರ ನವೆಂಬರ್ 2 ಆಗುತ್ತದೆ. 1900ರಲ್ಲಿ ಇಲ್ಲದಿದ್ದ ಫೆಬ್ರವರಿ 29ನ್ನೂ ಎಕ್ಸೆಲ್ ಎಣಿಸುತ್ತದೆ. ಲೋಟಸ್ 1-2-3 ಎಂಬ ಹಳೆ ಸಾಫ್ಟ್‌ವೇರ್‌ಗೆ ಹೊಂದಿಕೆಯಾಗಲೆಂದು ಉಳಿಸಿಕೊಂಡ ದೋಷವದು. ಸ್ವಂತ ಸೂತ್ರ ಬರೆಯುವವರಿಗೆ ಒಂದು ದಿನ ತಪ್ಪುವುದು ಇಲ್ಲೇ.

ತಪ್ಪು ಕಲ್ಪನೆ: ಎಕ್ಸೆಲ್‌ನಲ್ಲಿ ತೆರೆದರೆ ತಾರೀಖು ತಾನಾಗಿ ಸರಿಹೋಗುತ್ತದೆ.

ಸತ್ಯ: ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 25/11/2004 ಬರೀ ಅಕ್ಷರವಾಗಿ ಉಳಿದು ಕಣ್ಣಿಗೆ ಬೀಳುತ್ತದೆ. 05/11/2004 ಮಾತ್ರ ಸದ್ದಿಲ್ಲದೆ ಮೇ 11 ಆಗಿಬಿಡುತ್ತದೆ. ಕಂಡದ್ದನ್ನಷ್ಟೇ ತಿದ್ದಿದರೆ ಕಾಣದ ತಪ್ಪು ಹಾಗೇ ಉಳಿಯುತ್ತದೆ. 2003-04ರ ಹಣಕಾಸು ವರ್ಷವನ್ನು 03-04 ಎಂದು ಬರೆದಿಟ್ಟಿದ್ದರೆ ಅದೂ ಒಂದು ತಾರೀಖಾಗಿ ಬದಲಾಗುತ್ತದೆ.

ತಪ್ಪು ಕಲ್ಪನೆ: ಎರಡಂಕಿಯ ವರ್ಷದ ಗೊಂದಲ 2000ಕ್ಕೇ ಮುಗಿಯಿತು.

ಸತ್ಯ: ಹಲವು ಕಂಪ್ಯೂಟರುಗಳಲ್ಲಿ ಎಕ್ಸೆಲ್ 29ರವರೆಗಿನದನ್ನು 2000ದ ನಂತರದ್ದೆಂದೂ, 30ರಿಂದ ಮುಂದಿನದನ್ನು 1900ರ ದಶಕಗಳದ್ದೆಂದೂ ಓದುತ್ತದೆ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನಲ್ಲಿ ಸಾಮಾನ್ಯವಾಗಿ ಆ ಗಡಿ 49. ಹೀಗಾಗಿ 35ರಲ್ಲಿ ಹುಟ್ಟಿದ ನೇಕಾರರು ಒಂದರಲ್ಲಿ 1935ರವರು, ಇನ್ನೊಂದರಲ್ಲಿ 2035ರವರು.

ತಪ್ಪು ಕಲ್ಪನೆ: ಎಲ್ಲ ತಾರೀಖೂ ಒಂದು ದಿನ ಹಿಂದೆ ಬಿದ್ದಿದ್ದರೆ ಟೈಪ್ ಮಾಡಿದವರ ತಪ್ಪು.

ಸತ್ಯ: ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ನಮ್ಮ ನಡುರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಸಮಯವನ್ನು ಅಲ್ಲಿನ ಲೆಕ್ಕಕ್ಕೆ ಬದಲಿಸಿ ತಾರೀಖನ್ನಷ್ಟೇ ಉಳಿಸಿಕೊಂಡರೆ ಒಂದು ದಿನ ಹೋಯಿತೆಂದೇ ಲೆಕ್ಕ.

ಹೀಗಾಗಿ ಹಳೆ ಕಾಲಂ ಅಳಿಸಬೇಡಿ. ಪಕ್ಕದಲ್ಲಿ ಹೊಸದನ್ನು ಮಾಡಿ. ರಸೀದಿ ಸಂಖ್ಯೆಯ ಕ್ರಮದಲ್ಲಿ ಸಾಲುಗಳನ್ನು ಜೋಡಿಸಿ. ಸಂಖ್ಯೆ ಏರುತ್ತಿರುವಾಗ ತಾರೀಖು ಹಿಂದಕ್ಕೋ ಮುಂದಕ್ಕೋ ಜಿಗಿದ ಕಡೆ ನಿಂತು, ಕಾಗದದ ರಸೀದಿ ಪುಸ್ತಕ ತೆರೆದು ತಾಳೆ ನೋಡಿ. ಎಣಿಕೆ ಎಲ್ಲಿಂದ ಶುರುವಾಯಿತೆಂದು ಖಾತ್ರಿಯಾದ ಮೇಲಷ್ಟೇ ಇಡೀ ಫೈಲನ್ನು ಬದಲಿಸಿ.