ಹತ್ತಿ ಹೋದ ದಾರಿ

ಅಕ್ಕಾ, ನಮ್ಮ ಕಡೆಯ ಹತ್ತಿಗೆ ಹಿಂದೆ ‘ಕುಮಟಾ ಹತ್ತಿ’ ಅಂತ ಹೆಸರಿತ್ತು. ಕುಮಟಾ ಸಮುದ್ರದ ದಂಡೆಯ ಊರು. ಆ ಹೆಸರು ಹೇಗೆ ಬಂತು?

ಹಾವೇರಿ, ರಾಣೇಬೆನ್ನೂರು ಕಡೆಯ ಹತ್ತಿ ಚಕ್ಕಡಿ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಹತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಾಯಿತು. ನಮ್ಮ ಹತ್ತಿಗೆ ಬೆಲೆ ಏರಿತು. ಕುಮಟಾದಲ್ಲಿ ಹಮಾಲರಿಗೆ, ವ್ಯಾಪಾರಿಗಳಿಗೆ ಕೈತುಂಬ ಕೆಲಸ. ಊರು ಬೆಳೆಯಿತು.

1880ರ ದಶಕದಲ್ಲಿ ನಮ್ಮ ಕಡೆ ರೈಲು ಬಂತು. ಗೋವಾದ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. ಹತ್ತಿ ರೈಲು ಏರಿತು. ಕುಮಟಾ ಬಂದರು ಸೊರಗಿತು.

ಬ್ಯಾಡಗಿ ಮೆಣಸಿನಕಾಯಿ ಇಂದು ಹೊರದೇಶಕ್ಕೂ ಹೋಗುತ್ತದೆ. ಅದರ ತೊಟ್ಟು ಬಿಡಿಸುವ ಕೈ ನಮ್ಮವು. ಅದು ಯಾವ ದಾರಿಯಲ್ಲಿ, ಯಾವ ಬೆಲೆಗೆ ಹೋಗುತ್ತದೆ? ಕೇಳಿ ತಿಳಿಯೋಣ.