ಪಿಯಾನೋ ವಾದ್ಯವೂ ಮೈಸೂರಿನ ದೊರೆಯೂ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ನಾಟಕವನ್ನಾಗಲಿ ಭಜನೆಯನ್ನಾಗಲಿ ಕಂಡವರಿಗೆ ಹಾರ್ಮೋನಿಯಂ ಅಪರಿಚಿತವಲ್ಲ. ಬಿಳಿಯ ಮನೆ, ಕರಿಯ ಮನೆಗಳ ಅದೇ ಸಾಲನ್ನು ಚಿತ್ರಪಟದಲ್ಲಿ ನೋಡಿ, ಪಿಯಾನೋ ಎಂಬುದು ಹಾರ್ಮೋನಿಯಮ್ಮಿನ ಹಿರಿಯಣ್ಣನೆಂದು ಭಾವಿಸುವವರು ನಮ್ಮ ಚಿತ್ರದುರ್ಗದಲ್ಲಿ ಹಲವರುಂಟು. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ವಸ್ತುತಃ ಇವೆರಡರ ಕುಲವೇ ಬೇರೆ. ಹಾರ್ಮೋನಿಯಂ, ತಿದಿಯ ಗಾಳಿಯಿಂದ ಹಿತ್ತಾಳೆಯ ನಾಲಿಗೆಗಳು ಮಿಡಿದು ನುಡಿಯುವ ವಾದ್ಯ. ಪಿಯಾನೋ ತಂತಿಯ ವಾದ್ಯ. ಮನೆಯನ್ನೊತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದಕ್ಕೆ ಸರಿಯುವುದು. ಸರಿಯುವುದರಲ್ಲಿಯೇ ಮರ್ಮವಿದೆ, ತಂತಿಯ ಮೇಲೆಯೇ ನಿಂತರೆ ನಾದವು ಹುಟ್ಟಿದಲ್ಲಿಯೇ ಅಡಗಿಹೋಗುವುದು.

ಈ ಯುಕ್ತಿಯನ್ನು ಕಂಡವನು ಇಟಲಿಯ ಬಾರ್ತಲೋಮಿಯೋ ಕ್ರಿಸ್ಟೊಫೊರಿ. 1655ರಲ್ಲಿ ಪಾದುವಾ ನಗರದಲ್ಲಿ ಹುಟ್ಟಿದ ಈತನು ಫ್ಲಾರೆನ್ಸಿನ ಮೆಡಿಚಿ ಅರಮನೆಯ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದನು. ಅಲ್ಲಿಯ ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯ ತುಣುಕು ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೊತ್ತಿದರೂ ಬಲವಾಗಿ ಒತ್ತಿದರೂ ಧ್ವನಿಯು ಹೆಚ್ಚುಕಡಮೆ ಒಂದೇ. 1700ರ ಸುಮಾರಿಗೆ ಕ್ರಿಸ್ಟೊಫೊರಿಯು ಗರಿಯ ಬದಲಿಗೆ ತೊಗಲು ಹೊದಿಸಿದ ಸುತ್ತಿಗೆಯನ್ನಿಟ್ಟನು. ಬೆರಳಿನ ಹಗುರವೂ ಭಾರವೂ ನಾದಕ್ಕೆ ಬಂದವು. ಇಟಲಿಯ ನುಡಿಯಲ್ಲಿ ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ಜೋಡುಹೆಸರಿನಲ್ಲಿ ಜನರ ಬಾಯಲ್ಲಿ ಉಳಿದುದು ಮೆಲ್ಲಗಿನದೇ! ಅವನು ಮಾಡಿದ ಮೂರು ಪಿಯಾನೋಗಳು ನ್ಯೂಯಾರ್ಕ್, ರೋಮ್, ಲೈಪ್ಜಿಗ್ ನಗರಗಳಲ್ಲಿ ಇಂದಿಗೂ ಇವೆ.

ಮುಂದಿನದು ಕಬ್ಬಿಣದ ಕಥೆ. ಸಭೆಗಳು ದೊಡ್ಡವಾದಂತೆಲ್ಲ ತಂತಿಗಳನ್ನು ದಪ್ಪಮಾಡಿ ಬಿಗಿದರು. ಮರದ ಚೌಕಟ್ಟು ತಡೆಯದಾಯಿತು. 1825ರಲ್ಲಿ ಅಮೆರಿಕೆಯ ಬಾಸ್ಟನ್ನಿನಲ್ಲಿ ಆಲ್ಫಿಯಸ್ ಬ್ಯಾಬ್‌ಕಾಕನು ಒಂದೇ ಎರಕದ ಕಬ್ಬಿಣದ ಚೌಕಟ್ಟನ್ನು ತಂದನು. ಈಗಿನ ದೊಡ್ಡ ಪಿಯಾನೋದಲ್ಲಿ 52 ಬಿಳಿಯ, 36 ಕರಿಯ ಮನೆಗಳು. ತಂತಿಗಳ ಒಟ್ಟು ಸೆಳೆತ ಸುಮಾರು 20 ಟನ್ನು.

ಇಷ್ಟಾದರೂ ನಮ್ಮ ವೈಣಿಕರು ತಂತಿಯನ್ನು ಸೆಳೆದು ತರುವ ಗಮಕವು ಈ ವಾದ್ಯಕ್ಕೆ ದಕ್ಕದು. ಬೆರಳು ತಂತಿಯನ್ನೇ ಮುಟ್ಟದಿರುವಾಗ ಸ್ವರದಿಂದ ಸ್ವರಕ್ಕೆ ಜಾರುವ ಹಾದಿಯೆಲ್ಲಿ? ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಒಮ್ಮೆಗೇ ಎಬ್ಬಿಸುವುದು ಅದರ ಐಶ್ವರ್ಯ.

ಈ ಎರಡು ಲೋಕಗಳನ್ನೂ ಬಲ್ಲವರಾಗಿದ್ದರು, ನಮ್ಮ ಜಿಲ್ಲೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು. ಪಿಯಾನೋ ವಾದಕರಾಗಿಯೇ ಬಾಳಬೇಕೆಂಬುದು ಅವರ ತಾರುಣ್ಯದ ಹಂಬಲ. 1940ರಲ್ಲಿ ಮೊದಲು ತಂದೆಯವರೂ, ಕೆಲವೇ ತಿಂಗಳಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಂಗತರಾದರು. ಇಪ್ಪತ್ತೊಂದರ ವಯಸ್ಸಿಗೆ ಸಿಂಹಾಸನ! ಅರಸರು ಬಯಸಿದುದನ್ನೆಲ್ಲ ಪಡೆಯಬಲ್ಲರೆಂದು ನಾವು ಎಣಿಸುತ್ತೇವೆ. ಈ ಅರಸರಿಗೆ ಅರಸುತನವೇ ಅಡ್ಡವಾಯಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದರು. ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು.

ಅದೇ ದಶಕದಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಪಿಯಾನೋ ವಿದ್ವಾಂಸರು ಲಂಡನ್ನಿನಲ್ಲಿ ಅನಾರೋಗ್ಯದಿಂದ ನವೆಯುತ್ತ, ಲೋಕದಿಂದ ಬಹುಮಟ್ಟಿಗೆ ಮರೆಯಾಗಿದ್ದರು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಿಗೆ ಇಳಿಸುವ ವೆಚ್ಚವನ್ನು ಮಹಾರಾಜರು ವಹಿಸಿಕೊಂಡರು. ಮೆಟ್ನರ್ ಮಹಾಶಯರು ತಮ್ಮ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಮೈಸೂರಿನ ದೊರೆಗೆ ಅರ್ಪಿಸಿದರು. ಅವರು 1951ರಲ್ಲಿ ಕಾಲವಾದರು. ಆ ತಟ್ಟೆಗಳಲ್ಲಿ ಅವರ ಬೆರಳುಗಳನ್ನು ಈಗಲೂ ಕೇಳಬಹುದು.